ಬಿಳಿಗಿರಿಯ ಹುಲ್ಲು ಕತ್ತರಿಸುವವರು

ಯಳಂದೂರು ಬಿಟ್ಟು ಗುಂಬಳ್ಳಿ ದಾಟಿ ಬಸ್ಸು ತಿರುವುಗಳನ್ನು ಹತ್ತತೊಡಗಿದರೆ, ಬಿಳಿಗಿರಿರಂಗನ ಬೆಟ್ಟದ ಹಸಿರು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಬುಡದಲ್ಲಿ ಕುರುಚಲು ಕಾಡು, ನಡುವೆ ಎಲೆಯುದುರುವ ಮರಗಳು, ಕಣಿವೆಯ ಸಂದಿನಲ್ಲಿ ನಿತ್ಯಹಸಿರಿನ ಶೋಲಾ, ನೆತ್ತಿಯ ಮೇಲೆ ಬಯಲು ಹುಲ್ಲುಗಾವಲು. ಬುಡದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಸುರಿಯುವ ಮಳೆ ಮೇಲಕ್ಕೆ ಹೋದಂತೆ ಅದರ ಎರಡು ಪಟ್ಟಿಗೂ ಮೀರುತ್ತದೆ. ಇಷ್ಟು ನೀರು, ಇಷ್ಟು ತಂಪು ಇರುವ ಕಡೆ ಮರಗಳೇ ಎಲ್ಲವನ್ನೂ ಆವರಿಸಬೇಕಿತ್ತು. ಹುಲ್ಲು ಹೇಗೆ ಉಳಿಯಿತು?

ತೆಳು ಮಣ್ಣು ಮತ್ತು ನೆತ್ತಿಯ ಮೇಲಿನ ಗಾಳಿ ಮರಗಳನ್ನು ಒಂದಷ್ಟು ದೂರವಿಡುತ್ತವೆ. ಉಳಿದ ಉತ್ತರ ಹುಲ್ಲಿನ ಮೈಕಟ್ಟಿನಲ್ಲಿದೆ.

ಒಂದು ಹುಲ್ಲುಗರಿಯನ್ನು ಮೆಲ್ಲಗೆ ಮೇಲಕ್ಕೆಳೆದರೆ ಅದು ತನ್ನ ಒರೆಯಿಂದ ಜಾರಿ ಬರುತ್ತದೆ. ತುದಿ ಕಡು ಹಸಿರು, ಒರಟು. ಬುಡ ಬಿಳಿಚಿಕೊಂಡು ಮೆತ್ತಗೆ, ಕಚ್ಚಿದರೆ ತುಸು ಸಿಹಿ. ಎಲೆ ಬೆಳೆಯುವುದು ಆ ಬುಡದಿಂದಲೇ. ಹೊಸ ಜೀವಕೋಶಗಳು ಅಲ್ಲಿ ಹುಟ್ಟಿ ಹಳೆಯದನ್ನು ಮೇಲಕ್ಕೆ ದೂಡುತ್ತಾ ಹೋಗುತ್ತವೆ. ಹಾಗಾಗಿ ತುದಿ ಕತ್ತರಿಸಿ ಹೋದರೂ ಎಲೆ ಬೆಳೆಯುತ್ತಲೇ ಇರುತ್ತದೆ. ಮರದ ಸಸಿಯ ಕಥೆ ಬೇರೆ. ಅದರ ಚಿಗುರುವ ಮೊಗ್ಗು ತುದಿಯಲ್ಲಿದೆ. ಕಡವೆಯೊಂದು ಕಿತ್ತು ತಿಂದರೆ ಆ ವರ್ಷದ ಬೆಳವಣಿಗೆಯೇ ಹೋಯಿತು. ಮೇಯುವ ಬಾಯಿ ಹುಲ್ಲು, ಸಸಿ ಎರಡನ್ನೂ ಕತ್ತರಿಸುತ್ತದೆ, ಆದರೆ ನಷ್ಟ ಸಸಿಗೇ ಹೆಚ್ಚು. ಬಿಳಿಗಿರಿಯಲ್ಲಿ ಕಾಟಿ, ಕಡವೆ, ಜಿಂಕೆ, ಆನೆಗಳು ಸಾವಿರಾರು ವರ್ಷಗಳಿಂದ ಈ ಕೆಲಸ ಮಾಡಿಕೊಂಡು ಬಂದಿವೆ. ಕ್ಯಾತದೇವರಗುಡಿಯ ಬಯಲಿನಲ್ಲಿ ಜಿಂಕೆಗಳು ಮೇಯುವಾಗ ನೆಲದ ಮಟ್ಟಕ್ಕೆ ಸಮನಾಗಿ ಕಚ್ಚುವ ಪರಿಯನ್ನು ಯಾರಾದರೂ ನಿಂತು ನೋಡಬಹುದು.

ಇನ್ನೊಂದು ಕತ್ತರಿ ಬೆಂಕಿ. ಬೇಸಿಗೆ ಬಲಿಯುವ ಮುನ್ನ, ಉದುರಿದೆಲೆಗೆ ಮಾತ್ರ ತಗುಲಿ ಮೊಣಕಾಲೆತ್ತರವೂ ಏಳದೆ ಆರಿಹೋಗುವ ಬೆಂಕಿಯನ್ನು ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ತಲೆತಲಾಂತರದಿಂದ ಹಾಕುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ಮಣ್ಣು ಶಾಖವನ್ನು ಒಳಗೆ ಬಿಟ್ಟುಕೊಳ್ಳುವುದು ಬಹಳ ನಿಧಾನ. ನೆಲಮಟ್ಟಕ್ಕೆ ಅಡಗಿದ ಹುಲ್ಲಿನ ಬುಡಕ್ಕೆ ಇಂಥ ಬೆಂಕಿಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಮೊದಲ ಮಳೆಗೆ ಎಳೆ ಹುಲ್ಲು ಏಳುತ್ತದೆ, ಅದನ್ನರಸಿ ಪ್ರಾಣಿಗಳೂ ಬರುತ್ತವೆ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಈ ಪದ್ಧತಿ ನಿಂತಿತು.

ಆಮೇಲೆ ಹಬ್ಬಿದ್ದು ಲಂಟಾನ. ಅಮೆರಿಕ ಖಂಡದ ಈ ಗಿಡ ಭಾರತಕ್ಕೆ ಕಾಲಿಟ್ಟದ್ದು 19ನೆಯ ಶತಮಾನದಲ್ಲಿ, ಹೂದೋಟದ ಅಲಂಕಾರಕ್ಕೆಂದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿಯ ಅವೇ ತಾಕುಗಳನ್ನು 1997ರಲ್ಲೊಮ್ಮೆ, 2008ರಲ್ಲೊಮ್ಮೆ ಅಳೆದು ನೋಡಿದಾಗ ಲಂಟಾನ ಕಾಣಿಸಿಕೊಂಡ ಜಾಗಗಳು ಸುಮಾರು ಇಮ್ಮಡಿಯಾಗಿದ್ದವು, ಅದರ ಸಾಂದ್ರತೆ ನಾಲ್ಕು ಪಟ್ಟಾಗಿತ್ತು. ಬೆಟ್ಟದ ಹುಲ್ಲುಗಳಲ್ಲಿ ಬಹುಪಾಲು ಬಿಸಿಲು ಬೇಡುವ ಜಾತಿಯವು. ಲಂಟಾನದ ನೆರಳು ಬಿತ್ತೆಂದರೆ ಅವು ಸೊರಗುತ್ತವೆ, ಹುಲ್ಲು ಹೋದ ಕಡೆ ಮೇಯುವ ಪ್ರಾಣಿಯೂ ನಿಲ್ಲದು. ಮೇಲಾಗಿ, ಒಣಗಿದ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಂತೆ ನೆಲಕ್ಕಂಟಿ ಸಾಗುವುದಿಲ್ಲ, ಮರದ ರೆಂಬೆಗಳಿಗೇ ಏರುತ್ತದೆ.

ಬೆಂಕಿ ನಿಂತದ್ದೇ ಲಂಟಾನ ಹೆಚ್ಚಲು ಕಾರಣ ಎನ್ನುತ್ತಾರೆ ಸೋಲಿಗ ಹಿರಿಯರು. ಇದೊಂದೇ ಕಾರಣವಲ್ಲದಿರಬಹುದು. ಆದರೂ ಕಾಡನ್ನು ದಿನವೂ ನಡೆದು ನೋಡಿದವರ ಈ ಮಾತನ್ನು ಸಣ್ಣ ತಾಕುಗಳಲ್ಲಿ, ಅರಣ್ಯ ಇಲಾಖೆಯ ಕಾವಲಿನಲ್ಲಿ, ಸೋಲಿಗರ ಕೈಯಲ್ಲೇ ಪರೀಕ್ಷಿಸಿ ನೋಡಬೇಕು. 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅಂಥ ಪರೀಕ್ಷೆಗೆ ಆಧಾರವಂತೂ ಇದೆ. ಅತ್ತ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕೋಲುಗಳನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಮೇಜು ಹೆಣೆಯುವವರಿದ್ದಾರೆ. ಜೀವನೋಪಾಯಕ್ಕೆ ಅದು ಒಳ್ಳೆಯದೇ, ಆದರೆ ಅಷ್ಟರಿಂದ ಕಾಡು ತೆರವಾಗದು.

ಮನೆಯ ಮುಂದೆ ಹುಲ್ಲುಹಾಸು ಬೇಕೆನ್ನುವವರಿಗೆ ತುದಿ ಕತ್ತರಿಸಿದರೂ ಬುಡದಿಂದ ಬೆಳೆಯುವ ಬೆಟ್ಟದ ಹುಲ್ಲಿನ ಈ ಲೆಕ್ಕವೇ ದಾರಿ ತೋರುತ್ತದೆ. ಗರಿಕೆ ಇಲ್ಲಿಯದೇ ಹುಲ್ಲು. ನೆಲದ ಮೇಲೂ ಒಳಗೂ ಬಳ್ಳಿ ಹರಿಸಿ ಗೆಣ್ಣುಗೆಣ್ಣಿಗೆ ಬೇರು ಬಿಡುವುದರಿಂದ ಎಷ್ಟು ಕತ್ತರಿಸಿದರೂ ಮತ್ತೆ ಹಬ್ಬುತ್ತದೆ. ಬೆಟ್ಟದ ಮೇಲಾದರೆ ಮುಂಗಾರು ಹಿಡಿಯುತ್ತಿದ್ದಂತೆ ಗೆಣ್ಣಿರುವ ತುಂಡುಗಳನ್ನು ನಾಟಿ ಮಾಡಬಹುದು. ಕೊಳ್ಳೇಗಾಲದ ಬಯಲಿಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಲ್ಲಿ ನಾಟಿಗೆ ಅದೇ ಹದ, ಬೇಸಿಗೆಯಲ್ಲಿ ನೀರು ಕೊಡಲೇಬೇಕು. ಒಮ್ಮೆ ಕತ್ತರಿಸುವಾಗ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲೆಯೇ ಹುಲ್ಲಿನ ಅಡುಗೆಮನೆ. ಅದನ್ನು ಪೂರ್ತಿ ಬೋಳಿಸಿದರೆ ಬೇರು ಹಸಿಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿದಾಗ ಗರಿಕೆ ಮಂಕಾಗಿ ಕುಳಿತರೆ ಗಾಬರಿಪಟ್ಟು ಗೊಬ್ಬರ ಸುರಿಯಬೇಕಿಲ್ಲ.

ಮಳೆಗಾಲದ ಶತ್ರು ಪಾಚಿ. ನೀರು ಇಂಗದ ಗಟ್ಟಿ ನೆಲ, ನೆರಳು, ಸುಣ್ಣದಂಶ ತೊಳೆದುಹೋಗಿ ಹುಳಿಯಾದ ಮಣ್ಣು ಇರುವ ಕಡೆ ಅದು ಹುಲ್ಲನ್ನು ಮೀರಿಸುತ್ತದೆ. ಕೆರೆದು ತೆಗೆದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ. ಸರಳಿನಿಂದ ನೆಲಕ್ಕೆ ತೂತು ಹಾಕಿ ಮರಳು ತುಂಬುವುದು, ಮೇಲಿನ ರೆಂಬೆ ಸವರುವುದು, ಮಣ್ಣು ಪರೀಕ್ಷೆ ಮಾಡಿಸಿ ಬೇಕಿದ್ದರಷ್ಟೇ ಸುಣ್ಣ ಹಾಕುವುದು ಕಾರಣಕ್ಕೇ ಕೈಹಾಕುವ ಉಪಾಯಗಳು.

ತಂಪು ಬೆಟ್ಟದಲ್ಲಿ ವರ್ಷವಿಡೀ ಹಸಿರು ಬೇಕೆಂದು ಕೆಲವರು ಕಿಕುಯು ಹುಲ್ಲಿನ ಕಡೆ ನೋಡುತ್ತಾರೆ. ಪೂರ್ವ ಆಫ್ರಿಕದ ಎತ್ತರದ ನಾಡಿನ ಈ ಹುಲ್ಲು ಪಕ್ಕದ ನೀಲಗಿರಿಯಲ್ಲಿ ಚೆನ್ನಾಗಿ ನೆಲೆಯೂರಿದೆ, ಕಣ್ಣಿಗೂ ದಟ್ಟ ಹಸಿರು. ಆದರೆ ಬೇಲಿಯೊಳಗೆ ನಿಲ್ಲುವ ಗುಣ ಅದಕ್ಕಿಲ್ಲ. ಅಮೆರಿಕದಲ್ಲಿ ಅದನ್ನು ಹಾನಿಕರ ಕಳೆಗಳ ಪಟ್ಟಿಗೆ ಸೇರಿಸಿದ್ದಾರೆ. ಲಂಟಾನವೂ ಮೊದಲು ಹೂದೋಟದ ಗಿಡವೇ ಆಗಿತ್ತು. ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟಗಳ ಅಂಚಿನಲ್ಲಿ ತೋಟ, ರೆಸಾರ್ಟು, ತಂಗುಮನೆ ಕಟ್ಟುವವರು ದಯವಿಟ್ಟು ಕಿಕುಯುವನ್ನು ಇತ್ತ ತರಬೇಡಿ. ಅಂಗಳಕ್ಕೆ ಗರಿಕೆ ಸಾಕು.