ಡಬ್ಬದ ಮೇಲೆ 150, ಬೇಕಾದ್ದು ಬರೀ 33

ಕಳೆದ ವರ್ಷ ಶ್ರಾವಣ. ಆಷಾಢ ಕಳೆಯಲಿ ಅಂತ ಕಾದು, ಊರಿನ ಮನೆಯಲ್ಲಿ ನನ್ನವಳ ಸೀಮಂತ ಮುಗಿಸಿಕೊಂಡು, ಭಾನುವಾರ ಸಂಜೆ ಬೆಂಗಳೂರಿಗೆ ಹೊರಟಿದ್ವಿ. ನಮ್ಮದು ಮೂಡಿಗೆರೆ ಕಡೆಯ ಹಳ್ಳಿ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಬೇಲೂರಿನ ದಿಕ್ಕಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಬಂದಿರಬೇಕು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಹಿಂದಿನ ಎಡಗಡೆ ಟೈರು 17 ಪಿಎಸ್‌ಐ. ಇರಬೇಕಾದ್ದು 33.

ಕಾಫಿ ತೋಟದ ಬೇಲಿ ಪಕ್ಕ ನಿಲ್ಲಿಸಿ ಇಳಿದು ನೋಡಿದರೆ ಮೊಳೆಯೊಂದು ನೀಟಾಗಿ ಕೂತಿದೆ. ಗಾಬರಿಯೇನೂ ಆಗಲಿಲ್ಲ, ಸ್ಟೆಪ್ನಿ ಇದೆಯಲ್ಲ. ಡಿಕ್ಕಿಯಲ್ಲಿದ್ದ ಚಕ್ಕುಲಿ ಡಬ್ಬ, ತೆಂಗಿನಕಾಯಿ ಚೀಲ, ಅಮ್ಮ ಕಟ್ಟಿಕೊಟ್ಟ ಬಾಳೆಗೊನೆ ಎಲ್ಲವನ್ನೂ ಜಿನುಗು ಮಳೆಯಲ್ಲಿ ಕೆಳಗಿಳಿಸಿ ಸ್ಟೆಪ್ನಿ ಎತ್ತಿದೆ. ಅದನ್ನು ಒತ್ತಿದರೆ ಹಲಸಿನ ಹಣ್ಣಿನ ಹಾಗೆ ಒಳಗೆ ಹೋಗುತ್ತೆ. ಕಾರು ತಗೊಂಡು ಎರಡು ವರ್ಷವಾಗಿತ್ತು. ಒಂದು ಸಲವೂ ಅದಕ್ಕೆ ಗಾಳಿ ಹಿಡಿಸಿರಲಿಲ್ಲ.

ಪರವಾಗಿಲ್ಲ, ಪಂಪ್ ಇದೆ ಅಂದುಕೊಂಡೆ. ಆನ್‌ಲೈನ್ ಸೇಲ್‌ನಲ್ಲಿ 999 ರೂಪಾಯಿಗೆ ತಗೊಂಡಿದ್ದ ಏರ್ ಪಂಪ್. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 150 ಪಿಎಸ್‌ಐ ಅಂತ ಇತ್ತು. ನನಗೆ ಬೇಕಿರೋದು 33, ಇದು 150 ಕೊಡುತ್ತೆ, ಅಂದಮೇಲೆ ನಾಲ್ಕು ಪಟ್ಟು ಗಟ್ಟಿ ಮಾಲು ಅಂತ ನನ್ನ ಲೆಕ್ಕ. ಇಂಜಿನಿಯರಿಂಗ್ ಓದಿದವನ ಲೆಕ್ಕ, ನೆನಪಿರಲಿ! ಡಬ್ಬ ಒಡೆದದ್ದೇ ಅವತ್ತು ಮೊದಲ ಸಲ. ಸಾಕೆಟ್‌ನಲ್ಲಿದ್ದ ಮಲ್ಟಿಪ್ಲಗ್‌ಗೆ ಫೋನ್ ಚಾರ್ಜರ್, ಕ್ಯಾಮೆರಾ ಎರಡೂ ಸಿಕ್ಕಿಸಿದ್ದವು. ಮೂರನೆಯದಾಗಿ ಪಂಪನ್ನೂ ಸಿಕ್ಕಿಸಿದೆ. ಅದು ಒಂದು ನಿಮಿಷ ಗರ್ರ್ ಅಂದು ಸುಮ್ಮನಾಯಿತು. ಜೊತೆಗೆ ಚಾರ್ಜರ್ ದೀಪವೂ ಆರಿತು. ಫೋನಿನಲ್ಲಿ 18 ಪರ್ಸೆಂಟ್ ಚಾರ್ಜ್, ಒಂದು ಕಡ್ಡಿ ಸಿಗ್ನಲ್. ಕಾರಿನೊಳಗೆ ಕೈತುಂಬ ಹಸಿರು ಬಳೆ ತೊಟ್ಟ ಏಳು ತಿಂಗಳ ಬಸುರಿ. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಅಪ್ಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ತಮ್ಮ ಹಳೇ ವ್ಯಾನ್ ಓಡಿಸಿಕೊಂಡು ಬಂದರು. ತಲೆಗೆ ಮಫ್ಲರ್, ಕೈಯಲ್ಲಿ ಕಾಲ್ಪಂಪು. ನಾನು ಚಿಕ್ಕವನಿದ್ದಾಗ ಕೊಟ್ಟಿಗೆ ಅಟ್ಟದಲ್ಲಿ ನೋಡಿದ್ದೆನಲ್ಲ, ಅದೇ ತುಕ್ಕು ಹಿಡಿದ ಪಂಪು. "ಎಂತ ಮಾರಾಯ, ಇಷ್ಟು ದೊಡ್ಡ ಗಾಡಿ, ಒಂದು ಪಂಪ್ ಇಟ್ಕೊಳ್ಳಕ್ಕೆ ಆಗಲ್ವಾ ನಿಂಗೆ?" ಅಂದವರೇ ಸ್ಟೆಪ್ನಿಯನ್ನು ರಸ್ತೆ ಬದಿ ಮಲಗಿಸಿ, ನಳಿಗೆ ಸಿಕ್ಕಿಸಿ ತುಳಿಯಲು ಶುರು ಮಾಡಿಯೇಬಿಟ್ಟರು. ಅಪ್ಪನಿಗೆ ಅರವತ್ತಾರು. ಅದರ ಹಿಂದಿನ ವರ್ಷವಷ್ಟೇ ಎರಡು ಸ್ಟೆಂಟ್ ಹಾಕಿಸಿದ್ದೆವು. ಬಾಳೆಗೊನೆ ಎತ್ತಿ ವ್ಯಾನಿಗಿಡುತ್ತಿದ್ದ ನಾನು ತಿರುಗಿ ನೋಡುವಷ್ಟರಲ್ಲಿ ಅವರು ಮೂವತ್ತು ನಲವತ್ತು ಸಲ ತುಳಿದಾಗಿತ್ತು, ಉಸಿರು ಜೋರಾಗಿ ಕೇಳುತ್ತಿತ್ತು. "ಅಪ್ಪಾ, ಬಿಡಿ" ಅಂತ ಕಿರುಚಿದ್ದು ಆ ತೋಟದ ಆಚೆಗೂ ಕೇಳಿಸಿರಬೇಕು. ಉಳಿದದ್ದನ್ನು ನಾನೇ ತುಳಿದೆ. ಎಣಿಸಿದೆ ಕೂಡ, ನೂರಾ ಇಪ್ಪತ್ತು. ವಾರಕ್ಕೆ ಐದು ದಿನ ಕುರ್ಚಿಯಲ್ಲಿ ಕೂರುವ ನನಗೆ ಅಷ್ಟಕ್ಕೇ ತೊಡೆ ನಡುಗುತ್ತಿತ್ತು.

ಆ ರಾತ್ರಿ ಮನೆಗೇ ವಾಪಸ್ ಹೋದ್ವಿ. ಅಪ್ಪನಿಗೆ ಏನೂ ಆಗಲಿಲ್ಲ. ಆದರೆ ನನಗೆ ನಿದ್ದೆ ಬರಲಿಲ್ಲ. ಏನಾದರೂ ಆಗಿದ್ದರೆ?

ಬೆಂಗಳೂರಿಗೆ ಬಂದ ಮೇಲೆ ಮೊದಲು ಫ್ಯೂಸ್ ಡಬ್ಬಿ ತೆಗೆದೆ. ಸಾಕೆಟ್‌ಗೆ ಇದ್ದದ್ದು 15 ಆಂಪಿಯರ್ ಫ್ಯೂಸ್, ಸುಟ್ಟಿತ್ತು. ಸಾಕೆಟ್ಟಿನ ಮುಚ್ಚಳದ ಮೇಲೇ ಸಣ್ಣದಾಗಿ "12 ವೋಲ್ಟ್, 120 ವ್ಯಾಟ್" ಅಂತ ಬರೆದಿದೆ, ಅಂದರೆ 10 ಆಂಪಿಯರ್. ನನ್ನ ಪಂಪ್ ಒಂದೇ 12 ಆಂಪಿಯರ್ ಎಳೆಯುವಂಥದ್ದು. ಅದರ ಮೇಲೆ ಚಾರ್ಜರ್, ಕ್ಯಾಮೆರಾ. ಫ್ಯೂಸ್ ಹೋಗದೆ ಇನ್ನೇನಾದೀತು? ತಪ್ಪು ಪಂಪಿನದಷ್ಟೇ ಅಲ್ಲ, ನನ್ನದೂ ಹೌದು. ಹೊಸ ಪಂಪ್ ಕೊಳ್ಳುವಾಗ ನಾನು ಮೊದಲು ನೋಡಿದ್ದು ಇದನ್ನೇ. ನೀವೂ ನಿಮ್ಮ ಕಾರಿನ ಸಾಕೆಟ್ ಮುಚ್ಚಳವನ್ನೋ, ಮ್ಯಾನ್ಯುಯಲ್ಲನ್ನೋ ಒಮ್ಮೆ ನೋಡಿ. ಅಲ್ಲಿ ಬರೆದ ವ್ಯಾಟ್‌ಗಿಂತ ಹೆಚ್ಚು ಎಳೆಯುವ ಪಂಪ್ ಆದರೆ ಅದನ್ನು ಸಾಕೆಟ್‌ಗೆ ಹಾಕಲೇಬಾರದು. ದೊಡ್ಡ ಪಂಪ್‌ಗಳಿಗೆ ಬಾನೆಟ್ ತೆಗೆದು ನೇರ ಬ್ಯಾಟರಿಗೇ ಹಿಡಿಸುವ ಕ್ಲಿಪ್ ಕೊಟ್ಟಿರುತ್ತಾರೆ. ಮತ್ತೆ, ಪಂಪ್ ನಡೆಯುವಾಗ ಸಾಕೆಟ್ಟಿನಲ್ಲಿ ಬೇರೆ ಏನೂ ಇರಕೂಡದು.

ಫ್ಯೂಸ್ ಬದಲಾಯಿಸಿ, ಕುತೂಹಲಕ್ಕೆ ಅದೇ 999ರ ಪಂಪನ್ನು ಒಂದನ್ನೇ ಹಾಕಿ ಮತ್ತೆ ಓಡಿಸಿದೆ. ಓಡಿತು. 33 ತೋರಿಸಿ ತಾನೇ ನಿಂತಿತು ಕೂಡ. ಖುಷಿಯಿಂದ ಟೈರ್ ಅಂಗಡಿಗೆ ಹೋಗಿ ಅವರ ಗೇಜಿನಲ್ಲಿ ನೋಡಿಸಿದರೆ 29! ಡಿಜಿಟಲ್ ಅಂದಮಾತ್ರಕ್ಕೆ ಸರಿಯಾಗಿರಬೇಕು ಅಂತೇನಿಲ್ಲ ಅನ್ನೋದು ಕೋಡ್ ಬರೆದು ಜೀವನ ಮಾಡುವ ನನಗೆ ಗೊತ್ತಿರಬೇಕಿತ್ತು.

ಲೀಟರ್ ಲೆಕ್ಕ

ಈಗ ಆ 150ರ ವಿಷಯ. ಪಿಎಸ್‌ಐ ಅಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಒತ್ತಡ, ಪೌಂಡಿನಲ್ಲಿ. ಪಂಪ್ 150ರವರೆಗೆ ಒತ್ತಬಲ್ಲದು ಅನ್ನೋದು ನಿಜವೇ ಇರಬಹುದು. ಆದರೆ ಎಸ್‌ಯುವಿಯ ಕಷ್ಟ ಒತ್ತಡದ್ದಲ್ಲ, ಗಾಳಿಯ ಪ್ರಮಾಣದ್ದು. ಸಣ್ಣ ಬಾಯಿಯ ಕೊಡ ತುಂಬಿಸೋದಕ್ಕೂ ಬಚ್ಚಲ ಹಂಡೆ ತುಂಬಿಸೋದಕ್ಕೂ ಇರುವ ವ್ಯತ್ಯಾಸ. ನನ್ನ ಕಾರಿನ ಟೈರು 215/60 ಆರ್ 17. ಅಗಲ, ಎತ್ತರ, ರಿಮ್ಮಿನ ಅಳತೆ ಹಿಡಿದು ಲೆಕ್ಕ ಹಾಕಿದರೆ ಒಳಗೆ ಸುಮಾರು 40 ಲೀಟರ್ ಜಾಗ ಬರುತ್ತೆ. ಒಂದು ಸಣ್ಣ ಕಾರಿನ 165/80 ಆರ್ 14 ಟೈರಿಗೆ ಇದೇ ಲೆಕ್ಕ ಹಾಕಿದರೆ 28 ಲೀಟರ್ ಆಸುಪಾಸು. 235/65 ಆರ್ 17 ಥರದ ಇನ್ನೂ ದೊಡ್ಡ ಟೈರಾದರೆ 55 ದಾಟುತ್ತೆ. ಮೂರಕ್ಕೂ ಬೇಕಾದ ಪಿಎಸ್‌ಐ ಹೆಚ್ಚುಕಮ್ಮಿ ಒಂದೇ ಆಸುಪಾಸಿನಲ್ಲಿರುತ್ತೆ, ಕೆಲಸ ಮಾತ್ರ ಎರಡು ಪಟ್ಟು.

ನಮ್ಮ ಸುತ್ತಲಿನ ಗಾಳಿಯ ಒತ್ತಡವೇ ಸುಮಾರು 14.7 ಪಿಎಸ್‌ಐ. ಹಾಗಾಗಿ 40 ಲೀಟರಿನ ಟೈರನ್ನು 20ರಿಂದ 33ಕ್ಕೆ ಏರಿಸಬೇಕಾದರೆ ಹೊರಗಿನ ಗಾಳಿ ಸುಮಾರು 35 ಲೀಟರ್ ಒಳಗೆ ತುಂಬಬೇಕು. ಪೂರ್ತಿ ಚಪ್ಪಟೆಯಾದದ್ದಾದರೆ 90 ಲೀಟರ್. ಅದಕ್ಕೇ ಡಬ್ಬದ ಮೇಲೆ ನೋಡಬೇಕಾದ್ದು ಎಲ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋದನ್ನ. ಅದರಲ್ಲೂ ಒಂದು ಚಮತ್ಕಾರ ಇದೆ. ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಎದುರು ಒತ್ತಡವೇ ಇಲ್ಲದಾಗ, ಸುಮ್ಮನೆ ಬಯಲಿಗೆ ಊದುವಾಗಿನದು. ಟೈರು ತುಂಬುತ್ತಾ ಹೋದ ಹಾಗೆ ಪಂಪಿನ ವೇಗ ಇಳಿಯುತ್ತೆ. 35 ಎಲ್‌ಪಿಎಂ ಅಂತ ಬರೆದ ಪಂಪ್ ನನ್ನ ಟೈರನ್ನು 20ರಿಂದ 33ಕ್ಕೆ ತರಲು ಒಂದು ನಿಮಿಷ ಸಾಕು ಅಂತ ಕಾಗದದ ಲೆಕ್ಕ. ಗಡಿಯಾರ ಹಿಡಿದು ನೋಡಿದಾಗ ನಾಲ್ಕೂವರೆ ನಿಮಿಷ ಆಯಿತು.

ನಾಲ್ಕು ಟೈರಿಗೂ ಹಾಕಿದರೆ ಹದಿನೆಂಟು ನಿಮಿಷ. ಇಲ್ಲೇ ಇನ್ನೊಂದು ತೊಡಕು. ಈ ಪುಟ್ಟ ಮೋಟಾರುಗಳು ಒಂದೇ ಸಮ ಓಡಲು ಹುಟ್ಟಿದವಲ್ಲ. ಇಷ್ಟು ನಿಮಿಷ ಓಡಿಸಿ, ಇಷ್ಟು ನಿಮಿಷ ತಣ್ಣಗಾಗಲು ಬಿಡಿ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. 999ರದ್ದರಲ್ಲಿ ಎಂಟು ನಿಮಿಷ ಅಂತಿತ್ತು. ಅಂದರೆ ಎರಡು ಟೈರಿನೊಳಗೆ ಅದರ ಕಥೆ ಮುಗಿಯಿತು. ಹೊಸದನ್ನು ಹುಡುಕುವಾಗ ಇಪ್ಪತ್ತು ನಿಮಿಷಕ್ಕಿಂತ ಕಮ್ಮಿ ಬರೆದಿದ್ದನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆ. ಒಳಗಿನ ಸಿಲಿಂಡರ್ ಲೋಹದ್ದು ಇದ್ದರೆ ಶಾಖ ತಡೆಯುತ್ತೆ, ಪ್ಲಾಸ್ಟಿಕ್ ಭಾಗ ಹೆಚ್ಚಿದ್ದರೆ ಕಷ್ಟ.

ನನ್ನ ಈ ಪಟ್ಟಿ ಲ್ಯಾಪ್‌ಟಾಪ್‌ನಲ್ಲಿ ಹದಿನಾಲ್ಕು ಕಾಲಂ ಆಗಿ ಬೆಳೆದಿತ್ತು. ಅದನ್ನು ನೋಡಿದ ನನ್ನವಳು ಒಂದೇ ಪ್ರಶ್ನೆ ಕೇಳಿದಳು: "ವೈರ್ ಹಿಂದಿನ ಚಕ್ರಕ್ಕೆ ಮುಟ್ಟುತ್ತಾ?" ಹದಿನಾಲ್ಕರಲ್ಲಿ ಅದೊಂದು ಕಾಲಂ ಇರಲಿಲ್ಲ! ಬಟ್ಟೆ ಒಣಹಾಕುವ ಹಗ್ಗ ತಂದು, ಗೇರಿನ ಮುಂದಿರುವ ಸಾಕೆಟ್ಟಿಂದ ಬಾಗಿಲ ಮೂಲಕ ಹಿಂದಿನ ಚಕ್ರದ ವಾಲ್ವ್‌ವರೆಗೆ ಹಿಡಿದು ಅಳೆದ್ವಿ. ಮೂರೂವರೆ ಮೀಟರ್ ಬೇಕಿತ್ತು. ಎಷ್ಟೋ ಪಂಪ್‌ಗಳ ವೈರು ಮೂರೇ ಮೀಟರ್. ನಳಿಗೆ ಅರ್ಧ ಮೀಟರ್ ಸೇರಿಸಿದರೂ ಎಳೆದು ಕಟ್ಟಿದಂತೆ ಇರುತ್ತೆ.

ಬ್ಯಾಟರಿ ಪಂಪ್ ತಗೊಂಡರೆ ಈ ವೈರಿನ ಗೋಳೇ ಇಲ್ಲ ಅಂತ ನೀವು ಹೇಳಬಹುದು. ನಿಜ. ಚಂದವಾಗಿರುತ್ತವೆ, ಕೈಯಲ್ಲಿ ಹಿಡಿದರೆ ನೀರಿನ ಬಾಟಲಿಯಷ್ಟು. ಸ್ಕೂಟರ್‌ಗೆ, ಮಕ್ಕಳ ಸೈಕಲ್‌ಗೆ ನಾನು ಅದನ್ನೇ ಹೇಳ್ತೀನಿ. ಆದರೆ ಎಸ್‌ಯುವಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಆಫೀಸಿನ ಗೆಳೆಯನೊಬ್ಬನ ಬ್ಯಾಟರಿ ಪಂಪ್ ಚಪ್ಪಟೆಯಾದ ಒಂದು ದೊಡ್ಡ ಟೈರು ತುಂಬಿಸಿ ಎರಡನೆಯದಕ್ಕೆ ಅರ್ಧದಲ್ಲೇ ಕೈಕೊಟ್ಟಿತು. ಅದಕ್ಕಿಂತ ಮುಖ್ಯ, ತಿಂಗಳುಗಟ್ಟಲೆ ಡಿಕ್ಕಿಯಲ್ಲಿ ಬಿದ್ದಿರುವ ಪಂಪನ್ನು ಚಾರ್ಜ್ ಮಾಡಿಡುವ ಶಿಸ್ತು ನಮಗೆ ಇರುತ್ತಾ? ಸ್ಟೆಪ್ನಿಗೇ ಗಾಳಿ ಹಿಡಿಸದ ನನಗಂತೂ ಇಲ್ಲ. ಬೇಸಿಗೆ ಬಿಸಿಲಲ್ಲಿ ನಿಂತ ಕಾರಿನೊಳಗಿನ ಕಾವು ಲಿಥಿಯಂ ಬ್ಯಾಟರಿಗೆ ಒಳ್ಳೆಯದೂ ಅಲ್ಲ. ಕಾರಿನ ಬ್ಯಾಟರಿಯಾದರೆ ಯಾವಾಗಲೂ ಜೊತೆಗೇ ಇರುತ್ತೆ.

ಕೊನೆಗೆ ತಗೊಂಡದ್ದು ಸಾಕೆಟ್ಟಿಗೆ ಹಾಕುವ 120 ವ್ಯಾಟಿನೊಳಗಿನ ಪಂಪ್. ನಾಲ್ಕು ಮೀಟರ್ ವೈರು, ಹೇಳಿದ ಪಿಎಸ್‌ಐಗೆ ತಾನೇ ನಿಲ್ಲುವ ಸೌಲಭ್ಯ, ವಾಲ್ವ್‌ಗೆ ತಿರುಗಿಸಿ ಕೂರಿಸುವ ಹಿತ್ತಾಳೆ ಮೂತಿ, ಕತ್ತಲಲ್ಲಿ ಕಾಣಲು ಒಂದು ದೀಪ. ಬೆಲೆ ಮೂರು ಸಾವಿರದೊಳಗೆ. ಬಂದ ದಿನವೇ ಟೈರ್ ಅಂಗಡಿಯ ಗೇಜಿನ ಜೊತೆ ಹೋಲಿಸಿದೆ. ಒಂದು ಪಿಎಸ್‌ಐ ವ್ಯತ್ಯಾಸ, ಒಪ್ಪಿಕೊಂಡೆ. ಕಾಡು, ಮರಳು ಅಂತ ಓಡಾಡುವವರು, ಬೇಕೆಂದೇ ಟೈರಿನ ಗಾಳಿ ಇಳಿಸಿ ಮತ್ತೆ ತುಂಬಿಸುವವರು ಮಾತ್ರ ಇದಕ್ಕೆ ತೃಪ್ತರಾಗಲ್ಲ. ಅವರಿಗೆ ಬ್ಯಾಟರಿ ಕ್ಲಿಪ್ಪಿನ ಎರಡು ಸಿಲಿಂಡರಿನದೇ ಬೇಕು.

ತುಂಬಿಸುವ ಮುಂಚೆ

ಎಷ್ಟು ತುಂಬಬೇಕು ಅನ್ನೋದು ಟೈರಿನ ಮೇಲೆ ಬರೆದಿರಲ್ಲ. ಅಲ್ಲಿರೋದು ಆ ಟೈರು ತಡೆಯುವ ಗರಿಷ್ಠ ಒತ್ತಡ. ನಿಮ್ಮ ಕಾರಿನದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿರುತ್ತೆ. ಫುಲ್ ಲೋಡ್ ಇದ್ದಾಗ ಎಷ್ಟು ಅನ್ನೋದೂ ಅಲ್ಲೇ ಇರುತ್ತೆ, ಸೀಮಂತದ ಬಾಳೆಗೊನೆ ಹೇರಿಕೊಂಡು ಹೋಗುವವರು ಅದನ್ನೂ ನೋಡಿ. ಅಳೆಯೋದು ಬೆಳಗ್ಗೆ, ಗಾಡಿ ಹೊರಡುವ ಮುಂಚೆ. ಹೈವೇಯಲ್ಲಿ ಓಡಿ ಬಿಸಿಯಾದ ಟೈರು ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತೆ, ಹೆದರಿ ಗಾಳಿ ಬಿಡಬೇಡಿ. ಹವೆ ಹತ್ತು ಡಿಗ್ರಿ ತಣ್ಣಗಾದರೆ ಒಂದೂವರೆ ಪಿಎಸ್‌ಐನಷ್ಟು ಇಳಿಯುತ್ತೆ, ಡಿಸೆಂಬರ್ ಬೆಳಗ್ಗೆ ಹಳದಿ ದೀಪ ಹತ್ತಿದರೆ ಪಂಕ್ಚರ್ರೇ ಆಗಿರಬೇಕಿಲ್ಲ. ಪಂಪ್ ಓಡಿಸುವಾಗ ಇಂಜಿನ್ ಆನ್ ಇರಲಿ, ಆದರೆ ಬೇಸ್‌ಮೆಂಟಿನಲ್ಲೋ ಮುಚ್ಚಿದ ಗ್ಯಾರೇಜಿನಲ್ಲೋ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ.

ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಗಾಳಿ ಸಿಗುವಾಗ ಇದೆಲ್ಲ ಯಾಕೆ ಅಂತ ಅಪ್ಪನೂ ಕೇಳಿದರು. ಬಂಕ್ ಇರುವಲ್ಲಿ ಅದೇ ಸರಿ. ಆದರೆ 2020ರಿಂದ ನಮ್ಮಲ್ಲಿ ನಿಯಮವೇ ಬದಲಾಗಿದೆ. ಟ್ಯೂಬ್‌ಲೆಸ್ ಟೈರು, ಒತ್ತಡ ತೋರಿಸುವ ಸೆನ್ಸರು, ರಿಪೇರಿ ಕಿಟ್ಟು ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರು ತಗೊಂಡವರಿಗೆ ದಾರಿ ಮಧ್ಯೆ ಆ ಪಂಪು, ಪಂಕ್ಚರ್ ಬತ್ತಿಯೇ ಗತಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಅದೂ ಉಪಯೋಗಕ್ಕೆ ಬರಲ್ಲ, ಟೋಯಿಂಗ್ ಕರೆಯಬೇಕು.

ಈ ಯುಗಾದಿಗೆ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ವಿ. ಹೊರಡುವ ಹಿಂದಿನ ದಿನ ಸ್ಟೆಪ್ನಿ ಸೇರಿ ಐದಕ್ಕೂ ಗಾಳಿ ಹಿಡಿಸಿದ್ದೆ. ಅಪ್ಪ ಪಂಪನ್ನು ತಿರುವಿ ಮುರುವಿ ನೋಡಿದರು. ತಮ್ಮ ವ್ಯಾನಿಗೆ ಸಿಕ್ಕಿಸಿ ಅದರ ನಾಲ್ಕು ಚಕ್ರ ತುಂಬಿಸಿದರು. ಆಮೇಲೆ ಪಕ್ಕದ ಮನೆಯವರ ಬೈಕು, ತೋಟದ ಕೈಗಾಡಿ. ಸಂಜೆ ಹೊತ್ತಿಗೆ ಅಂಗಳದಲ್ಲಿ ಇಬ್ಬರು ಸೈಕಲ್ ಹುಡುಗರು ನಿಂತಿದ್ದರು. ಅಪ್ಪ ಸ್ಟೂಲ್ ಹಾಕಿಕೊಂಡು ಕೂತು, ಬಟನ್ ಒತ್ತಿ, ಅಂಕಿ ಏರುವುದನ್ನು ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. ಕಾಲ್ಪಂಪು ಜಗಲಿಯ ಮೂಲೆಯಲ್ಲಿತ್ತು.

ವಾಪಸ್ ಬರುವಾಗ ಪಂಪನ್ನು ಅಲ್ಲೇ ಬಿಟ್ಟು, ಕಾಲ್ಪಂಪನ್ನು ನನ್ನ ಡಿಕ್ಕಿಗೆ ಹಾಕಿಕೊಂಡೆ. "ಅದ್ಯಾಕೋ ನಿಂಗೆ?" ಅಂದರು. ನಿಮ್ಮ ಕೈಗೆ ಸಿಗದೆ ಇರಲಿ ಅಂತ, ಅಂದೆ. ನನಗೆ ಅದೇ ಮಾಡೆಲ್ ಇನ್ನೊಂದು ಆರ್ಡರ್ ಮಾಡಿದ್ದೇನೆ, ಗುರುವಾರ ಬರುತ್ತಂತೆ.