ಹುಲ್ಲಿನಡಿಯ ಗ್ರಾಮ: ವಾರಮ್ ಪರ್ಸಿಯ ಮಣ್ಣುದಿಬ್ಬಗಳು

ಗ್ರಾಮಚರಿತ್ರೆಗೆ ಆಕರಗಳೆಂದರೆ ಶಾಸನ, ಕಡತ, ನಾಣ್ಯಗಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನೆಲದ ಏರುತಗ್ಗುಗಳನ್ನೂ ಕಡತದಂತೆ ಓದಬಹುದೆಂಬುದಕ್ಕೆ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ವಾರಮ್ ಪರ್ಸಿ ಎಂಬ ಹಾಳೂರು ಒಳ್ಳೆಯ ನಿದರ್ಶನ. ನಮ್ಮ ಕಂದಾಯದ ಮಾತಿನಲ್ಲಿ ಹೇಳುವುದಾದರೆ ಇದು ‘ಬೇಚಿರಾಕ್’ ಗ್ರಾಮ, ಎಂದರೆ ದೀಪವಿಲ್ಲದ ಊರು.

ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಾಡು ಕಳೆದುಕೊಂಡ ಒಂದು ಚರ್ಚು ಮತ್ತು ಹುಲ್ಲುಗಾವಲು. ಓರೆಬಿಸಿಲು ಬಿದ್ದಾಗ ಮಾತ್ರ ನೆರಳುಗಳು ಮೂಡಿ ಊರಿನ ನಕ್ಷೆ ತೋರುತ್ತದೆ. ಕಾಲುವೆಯಂತೆ ತಗ್ಗಾಗಿರುವುದು ಜನರೂ ಬಂಡಿಗಳೂ ಓಡಾಡಿ ಸವೆದ ಬೀದಿ. ಪಕ್ಕದ ಆಯತಾಕಾರದ ದಿಬ್ಬಗಳು ಮನೆಗಳ ನಿವೇಶನ. ಹಿಂದಿನ ನೀಳವಾದ ಒಡ್ಡುಗಳು ಹಿತ್ತಿಲುಗಳ ಎಲ್ಲೆ.

ಮಧ್ಯಯುಗದ ಇಂಗ್ಲಿಷ್ ಗ್ರಾಮಗಳ ಹೊಲಗಳೂ ಹೀಗೆಯೇ ಗುರುತು ಬಿಟ್ಟಿವೆ. ಅಲ್ಲಿನ ನೇಗಿಲು ಮಣ್ಣನ್ನು ಸದಾ ಬಲಕ್ಕೇ ಮಗುಚುತ್ತಿತ್ತು. ಪಟ್ಟಿಯ ನಡುವಿನಿಂದ ಆರಂಭಿಸಿ ಸುತ್ತಿ ಸುತ್ತಿ ಉಳುತ್ತಿದ್ದುದರಿಂದ ವರ್ಷವರ್ಷವೂ ಮಣ್ಣು ನಡುವಿಗೆ ಸೇರಿ ಏರಿಯಾಯಿತು. ಈ ಏರಿಗಳು ನೇರವಾಗಿಲ್ಲ, ತಿರುವುಮುರುವಾದ ಎಸ್ ಅಕ್ಷರದಂತೆ ಬಾಗಿವೆ. ಎಂಟು ಎತ್ತುಗಳವರೆಗಿನ ಉದ್ದ ಸಾಲನ್ನು ಹೊಲದ ತುದಿಯಲ್ಲಿ ತಿರುಗಿಸಬೇಕಾದರೆ ಮುಂಚಿತವಾಗಿಯೇ ಓರೆಹಿಡಿಯಬೇಕಾಗಿತ್ತು. ಜೋಡೆತ್ತಿನ ಹಗುರ ನೇಗಿಲನ್ನು ಕಂಡ ನಮಗೆ ಇದು ಒಡನೆ ಹೊಳೆಯುವುದಿಲ್ಲ.

ಊರು ಅಳಿದುದು ಮಹಾಮಾರಿಯಿಂದ ಎಂದುಬಿಡುವುದು ಸುಲಭ. ದಾಖಲೆಗಳು ಅದನ್ನು ಒಪ್ಪುವುದಿಲ್ಲ. 1349ರ ಮಾರಿಯ ತರುವಾಯ, 1368ರಲ್ಲಿಯೂ, ಇಲ್ಲಿ ಸುಮಾರು 30 ಮನೆಗಳಲ್ಲಿ ಜನರಿದ್ದರು. 1458ರಲ್ಲಿ 16 ಉಳಿದುವು. 1500ರ ಸುಮಾರಿಗೆ ಉಣ್ಣೆಯ ಲಾಭವನ್ನರಿತ ಭೂಮಾಲಿಕನು ಕೊನೆಯ ಒಕ್ಕಲುಗಳನ್ನೆಬ್ಬಿಸಿ ನೆಲವನ್ನು ಕುರಿಗಳಿಗೆ ಬಿಟ್ಟನು. ಚರ್ಚಿನ ಗೋಡೆಯೂ ಇದೇ ಇಳಿತವನ್ನು ಹೇಳುತ್ತದೆ: ಜನ ಹೆಚ್ಚಿದ್ದಾಗ ಇಕ್ಕೆಲಗಳಲ್ಲಿ ಕಟ್ಟಿದ ಪಡಸಾಲೆಗಳನ್ನು ಮುಂದೆ ಕೆಡವಿ ಕಮಾನುಗಳನ್ನು ಮುಚ್ಚಿದರು. ಒಕ್ಕಲುಗಳನ್ನು ಹೊರಗಟ್ಟಿದ ಕುರಿಗಳಿಂದಲೇ ಊರಿನ ಗುರುತು ಉಳಿಯಿತೆಂಬುದು ವಿಚಿತ್ರ. ಉಳುಮೆ ಮುಂದುವರಿದಿದ್ದರೆ ದಿಬ್ಬಗಳು ಎಂದೋ ಸಮತಟ್ಟಾಗುತ್ತಿದ್ದುವು.

1948ರಲ್ಲಿ ಇಲ್ಲಿಗೆ ಬಂದವರು ಆರ್ಥಿಕ ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್. 1950ರಲ್ಲಿ ಅವರು ತೊಡಗಿದ ಉತ್ಖನನ, ಪುರಾತತ್ತ್ವಜ್ಞ ಜಾನ್ ಹರ್ಸ್ಟ್ ಅವರೂ ಕೂಡಿಕೊಂಡು, ಬೇಸಗೆ ಬೇಸಗೆಗೂ ನಡೆದು 1990ರವರೆಗೆ ಸಾಗಿತು. ಗೋಡೆಗಳ ಮೇಲೆ ಗೋಡೆಗಳು ದೊರೆತುದರಿಂದ, ರೈತರ ಮನೆಗಳು ತಲೆಮಾರಿಗೊಮ್ಮೆ ಕುಸಿಯುವ ಗುಡಿಸಲುಗಳೆಂದು ಮೊದಲು ಬಗೆದರು. ಹಲವು ಪಠ್ಯಗಳು ಇದನ್ನೇ ಹೇಳಿದುವು. 1980ರ ದಶಕದ ಮರುಪರಿಶೀಲನೆ ಬೇರೆಯದನ್ನೇ ತೋರಿಸಿತು: ಮಾಡಿನ ಭಾರ ಬಾಗಿದ ಮರದ ಜೋಡಿದೂಲಗಳ ಮೇಲಿತ್ತು, ಗೋಡೆಯ ಮೇಲಲ್ಲ. ಆದುದರಿಂದ ಮರದ ಚೌಕಟ್ಟು ನಿಂತಿರುವಂತೆಯೇ ಗೋಡೆಯನ್ನಷ್ಟೇ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದರು.