ತೊಡೆಯ ಮೇಲಿನ ಟಿಕೆಟ್ಟಿನ ಲೆಕ್ಕ

ರೈಲಿನ ಲೆಕ್ಕದಲ್ಲಿ ಮಗು ಐದು ವರ್ಷ ತುಂಬುವವರೆಗೂ ಮಗುವೇ. ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ಟಿನ ಮಾತೇ ಇಲ್ಲ. ವಿಮಾನದವರು ಅಷ್ಟು ಉದಾರಿಗಳಲ್ಲ. ಎರಡನೇ ಹುಟ್ಟುಹಬ್ಬದ ಹಿಂದಿನ ದಿನ ಅಮ್ಮನ ತೊಡೆಯ ಮೇಲೆ ಕೂತು ಹೋಗಬಹುದಾದ ‘ಇನ್ಫೆಂಟ್’ ಮರುದಿನ ಸ್ವಂತ ಸೀಟು ಬೇಕಾದ ‘ಚೈಲ್ಡ್’ ಆಗುತ್ತದೆ. ಹಾಗಾಗಿ ಅಜ್ಜ-ಅಜ್ಜಿಗೆ ಮೊಮ್ಮಗುವನ್ನು ತೋರಿಸಲು ಹೊರಡುವ ಮನೆಗಳಲ್ಲಿ ಒಂದೇ ಮಾತು: ‘ಎರಡು ತುಂಬೋದ್ರೊಳಗೆ ಒಂದು ಸಲ ಹೋಗಿ ಬಂದುಬಿಡೋಣ.’ ಈ ಮಾತಿನಿಂದ ಎಷ್ಟು ದುಡ್ಡು ಉಳಿಯುತ್ತದೆ, ಉಳಿದದ್ದಕ್ಕೆ ಯಾರು ಏನು ತೆರುತ್ತಾರೆ ಎಂದು ಕೂಡಿ ಕಳೆದು ನೋಡಿದರೆ ಉತ್ತರ ಅಷ್ಟು ಸಲೀಸಾಗಿಲ್ಲ.

ದೇಶದೊಳಗಿನ ಹಾರಾಟದಿಂದ ಶುರುಮಾಡೋಣ. ತೊಡೆಯ ಮಗುವಿಗೆ ಇಲ್ಲಿ ಸಾಮಾನ್ಯವಾಗಿ ನಿಗದಿತ ಶುಲ್ಕ, ಒಂದು ದಾರಿಗೆ ಸುಮಾರು 1,500ರಿಂದ 2,000 ರೂಪಾಯಿ. ನಡುವಿನ 1,750 ಅನ್ನೇ ಹಿಡಿಯೋಣ. ಬೆಂಗಳೂರು–ದೆಹಲಿಗೆ ದೊಡ್ಡವರ ಟಿಕೆಟ್ 6,000 ಎಂದಿಟ್ಟುಕೊಂಡರೆ, ಗಂಡ-ಹೆಂಡತಿ ಹೋಗಿಬರಲು 24,000, ಮಗುವಿಗೆ 3,500, ಒಟ್ಟು 27,500. ಎರಡು ತುಂಬಿದ ಮಗುವಾದರೆ ಅಗ್ಗದ ವಿಮಾನಗಳಲ್ಲಿ ಪೂರ್ತಿ ದರ, ಒಟ್ಟು 36,000. ಉಳಿತಾಯ 8,500.

ಶುಲ್ಕ ನಿಗದಿತವಾದ್ದರಿಂದ ಟಿಕೆಟ್ ಅಗ್ಗವಾದಷ್ಟೂ ತೊಡೆ ತುಟ್ಟಿ. ಹೈದರಾಬಾದಿಗೋ ಮಂಗಳೂರಿಗೋ 2,500ಕ್ಕೆ ಟಿಕೆಟ್ ಸಿಕ್ಕ ದಿನ, ಸೀಟೇ ಇಲ್ಲದ ಮಗುವಿಗೆ 1,750 ಕೊಡುವುದೆಂದರೆ ದೊಡ್ಡವರ ದರದ ನೂರಕ್ಕೆ ಎಪ್ಪತ್ತು ಕೊಟ್ಟಂತೆ. ಇನ್ನು 750 ಸೇರಿಸಿದರೆ ಒಂದು ಸೀಟಿನ ಬೆಲೆ. ದೇಶೀಯ ಅಗ್ಗದ ವಿಮಾನಗಳಲ್ಲಿ ಸೀಟಿನ ಜೊತೆ 15 ಕಿಲೋ ಲಗೇಜು, 7 ಕಿಲೋ ಕೈಚೀಲವೂ ಬರುತ್ತದೆ. ತೊಡೆಯ ಮಗುವಿಗೆ ಲಗೇಜು ಬಹುಮಟ್ಟಿಗೆ ಸೊನ್ನೆ, ತಳ್ಳುಗಾಡಿ ಮಾತ್ರ ಉಚಿತ. ನಿಲ್ದಾಣದ ತಕ್ಕಡಿಯಲ್ಲಿ ತೂಕ ಮೀರಿದರೆ ಕಿಲೋಗೆ 500 ರೂಪಾಯಿಗೂ ಹೆಚ್ಚು ಕಕ್ಕಬೇಕು. ಎರಡು ಕಿಲೋ ಹೆಚ್ಚಾಯಿತೆಂದರೆ ಆ 750ರ ಉಳಿತಾಯ ಅಲ್ಲಿಗೇ ಮುಗಿಯಿತು. ಎರಡರೊಳಗಿನ ಮಗುವಿಗೂ ಸೀಟು ಕೊಡುತ್ತೀರಾ, ಕಾರ್ ಸೀಟು ತರಬೇಕೇ ಎಂದು ಟಿಕೆಟ್ ಮಾಡಿಸುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ವಿಮಾನ ನಿಲ್ದಾಣದ ಬಳಕೆದಾರ ಶುಲ್ಕದಿಂದ ಎರಡರೊಳಗಿನ ಮಕ್ಕಳಿಗೆ ವಿನಾಯಿತಿಯುಂಟು. ಆದರೆ ಜನನ ಪ್ರಮಾಣಪತ್ರ ಕೈಯಲ್ಲಿರಬೇಕು. ಮಗು ಸಣ್ಣಗಿದೆ ಎಂದು ಕೌಂಟರಿನಲ್ಲಿ ಎತ್ತಿ ತೋರಿಸಿದರೆ ನಡೆಯುವುದಿಲ್ಲ.

ಪರದೇಶದ ಲೆಕ್ಕವೇ ಬೇರೆ. ಅಲ್ಲಿ ಶುಲ್ಕವಲ್ಲ, ಪಾಲು: ತೊಡೆಯ ಮಗುವಿಗೆ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10, ಸೀಟಿನ ಮಗುವಿಗೆ ಹಲವು ಸಂಸ್ಥೆಗಳಲ್ಲಿ ಶೇ. 75ರ ಆಸುಪಾಸು. ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬರುವ ಮೂಲದರ ಒಂದು ಲಕ್ಷ ಎಂದುಕೊಳ್ಳಿ. ತೊಡೆಗೆ 10,000, ಸೀಟಿಗೆ 75,000, ನಡುವಿನ ಅಂತರ 65,000. ದುಬೈ ಮೇಲಿಂದ ಹೋದರೆ ಬೆಂಗಳೂರಿನಿಂದ ಸುಮಾರು 4 ಗಂಟೆ, ಅಲ್ಲಿಂದ ಮುಂದೆ ಸುಮಾರು 16 ಗಂಟೆ, ಹೋಗಿಬರುವುದು ಸೇರಿ ಗಾಳಿಯಲ್ಲೇ 40 ಗಂಟೆ. ಅಂತರವನ್ನು ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 1,625 ರೂಪಾಯಿ. ಒಂದೂವರೆ ವರ್ಷದ ಮಗುವನ್ನು ಒಂದು ಗಂಟೆ ತೊಡೆಯ ಮೇಲೆ ಹಿಡಿದಿಟ್ಟುಕೊಳ್ಳುವ ಕೂಲಿ ಅದು. ಅಗ್ಗವೋ ತುಟ್ಟಿಯೋ ಎಂದು ಹನ್ನೊಂದನೇ ಗಂಟೆಯಲ್ಲಿ ಕೇಳಿದರೆ ಉತ್ತರ ಬದಲಾಗುತ್ತದೆ.

ತೊಟ್ಟಿಲು ಕೊಡುತ್ತಾರಲ್ಲ ಎನ್ನಬಹುದು. ಮುಂದಿನ ಗೋಡೆಗೆ ಸಿಕ್ಕಿಸುವ ಆ ಬ್ಯಾಸಿನೆಟ್ಟಿಗೆ ಭಾರದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ 10ರಿಂದ 14 ಕಿಲೋ. ದುಬೈ ದಾರಿಯ ಎಮಿರೇಟ್ಸ್ ಹೇಳುವುದು 11 ಕಿಲೋ, 75 ಸೆಂಟಿಮೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಹನ್ನೆರಡು ತಿಂಗಳ ಗಂಡುಮಗುವಿನ ಮಧ್ಯಮ ತೂಕ 9.6 ಕಿಲೋ, ಉದ್ದ 75.7 ಸೆಂ.ಮೀ.; ಹೆಣ್ಣುಮಗು 8.9 ಕಿಲೋ, 74 ಸೆಂ.ಮೀ. ಹನ್ನೊಂದು ಕಿಲೋ ಮುಟ್ಟಲು ಗಂಡಿಗೆ ಒಂದೂವರೆ ವರ್ಷ ದಾಟಬೇಕು, ಹೆಣ್ಣಿಗೆ ಇನ್ನೂ ಎರಡು ಮೂರು ತಿಂಗಳು ಹೆಚ್ಚು. ಅಂದರೆ ಮೊದಲು ಕೈಕೊಡುವುದು ತೂಕವಲ್ಲ, ಉದ್ದ. ನಮ್ಮ ಮಕ್ಕಳು ಹಲವರು ಈ ಪಟ್ಟಿಗಿಂತ ತುಸು ಸಣ್ಣಗಿರಬಹುದು, ಅದರಿಂದ ಒಂದೆರಡು ತಿಂಗಳು ಸಿಕ್ಕೀತು, ಅಷ್ಟೇ. ಒಂದರಿಂದ ಎರಡು ವರ್ಷದ ನಡುವೆ ಮಗು ತೊಟ್ಟಿಲಿಗೆ ದೊಡ್ಡದು, ಸೀಟಿನ ನಿಯಮಕ್ಕೆ ಚಿಕ್ಕದು. ಅದೇ ವರ್ಷ ಅದು ನಡೆಯಲು ಕಲಿತಿರುತ್ತದೆ. ಶೇ. 10ರ ದರದ ಆಸೆಗೆ ಜನ ಹೆಚ್ಚಾಗಿ ಆರಿಸಿಕೊಳ್ಳುವುದೂ ಅದೇ ವರ್ಷವನ್ನೇ!

ಇನ್ನೊಂದು ಅಂಕಿ ಹಣದ್ದಲ್ಲ. 1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ನೆಲಕ್ಕಪ್ಪಳಿಸಿತು. ಒಳಗಿದ್ದ 296 ಮಂದಿಯಲ್ಲಿ 112 ಮಂದಿ ಸತ್ತರು. ಟಿಕೆಟ್ಟಿಲ್ಲದ ತೊಡೆಯ ಮಕ್ಕಳು ನಾಲ್ಕಿದ್ದವು. ಅಂದಿನ ಪದ್ಧತಿಯಂತೆ ಅವನ್ನು ತಂದೆತಾಯಿಯ ಕಾಲ ಬಳಿ ನೆಲದ ಮೇಲೆ ಇರಿಸಲು ಹೇಳಲಾಗಿತ್ತು. ಒಂದು ಮಗು ಬದುಕಲಿಲ್ಲ, ಅದಕ್ಕಿನ್ನೂ ಎರಡು ತುಂಬಿರಲಿಲ್ಲ. ಮಕ್ಕಳಿಗೂ ಸೀಟು, ಬೆಲ್ಟು ಕಡ್ಡಾಯವಾಗಲಿ ಎಂದು ಅಲ್ಲಿನ ಅಪಘಾತ ತನಿಖಾ ಮಂಡಳಿ ಮರುವರ್ಷವೇ ಶಿಫಾರಸು ಮಾಡಿತು. ವಿಮಾನಯಾನ ಆಡಳಿತ ಲೆಕ್ಕ ಹಾಕುತ್ತಾ ಹೋಗಿ 2005ರಲ್ಲಿ ಕಡ್ಡಾಯ ಬೇಡ ಎಂದಿತು. ಅದರ ತರ್ಕ ವಿಚಿತ್ರವಾದರೂ ಅಂಕಿಗಳದ್ದೇ: ಮಗುವಿಗೂ ಟಿಕೆಟ್ ಎಂದರೆ ಒಂದಷ್ಟು ಕುಟುಂಬಗಳು ವಿಮಾನ ಬಿಟ್ಟು ಕಾರು ಹತ್ತುತ್ತವೆ, ರಸ್ತೆ ವಿಮಾನಕ್ಕಿಂತ ಎಷ್ಟೋ ಪಾಲು ಅಪಾಯಕಾರಿ, ಆಕಾಶದಲ್ಲಿ ಉಳಿಯುವ ಜೀವಗಳಿಗಿಂತ ನೆಲದಲ್ಲಿ ಹೋಗುವವು ಹೆಚ್ಚು. ಹಾಗೆಂದು ತೊಡೆ ಸುರಕ್ಷಿತ ಎಂದು ಅದು ಹೇಳಲಿಲ್ಲ. ಸೀಟು ಕೊಂಡು ಮಕ್ಕಳ ಕಾರ್ ಸೀಟಿನಲ್ಲಿ ಕೂರಿಸಿ ಎನ್ನುವುದೇ ಈಗಲೂ ಅದರ ಸಲಹೆ. ಬಿರುಸಾದ ಅಲುಗಾಟದಲ್ಲಿ ಹನ್ನೊಂದು ಕಿಲೋದ ಮಗುವಿನ ಮೇಲೆ ಕ್ಷಣಕಾಲ ಗುರುತ್ವದ ಎರಡರಷ್ಟು ಬಲ ಬಿದ್ದರೂ ಅದು ಕೈಗೆ 22 ಕಿಲೋ. ನಿದ್ದೆಗಣ್ಣಿನ ತೋಳುಗಳಿಗೆ ಅದು ಸಣ್ಣ ಭಾರವಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಎರಡು ಮೂರು ಗಂಟೆಯ ಹಾರಾಟಕ್ಕೆ ತೊಡೆ ಸಾಕು. ಮಗು ಒಂದು ದಾಟಿ, ಹಾರಾಟ ರಾತ್ರಿಯಿಡೀ ಎಂದಾದರೆ, ಕೈಲಾದವರು ಸೀಟನ್ನೇ ಕೊಳ್ಳಲಿ. ಕೈಲಾಗದವರು ಒಂದು ವರ್ಷದೊಳಗೇ ಹೋಗಿಬರಲಿ, ತೊಟ್ಟಿಲಾದರೂ ದಕ್ಕೀತು.

ಸೀಟು ಆರಿಸುವಾಗ ಒಂದು ಸಣ್ಣ ಸಂಖ್ಯೆ. ಮೂರು ಸೀಟುಗಳ ಸಾಲಿನ ಮೇಲೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕ ಮುಖವಾಡಗಳಿರುತ್ತವೆ. ಆದ್ದರಿಂದ ಒಂದು ಬದಿಗೆ ಒಂದೇ ತೊಡೆಯ ಮಗು. ಅವಳಿ ಮಕ್ಕಳಿದ್ದರೆ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ. ಹನ್ನೆರಡರೊಳಗಿನ ಮಕ್ಕಳಿಗೆ ಅದೇ ಟಿಕೆಟ್ಟಿನಲ್ಲಿರುವ ಪೋಷಕರೊಬ್ಬರ ಪಕ್ಕ ಸೀಟು ಕೊಡಲೇಬೇಕೆಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಹೇಳಿದೆ. ‘ಪಕ್ಕದ ಸೀಟಿಗೆ ಇಷ್ಟು’ ಎಂದು ತೆರೆಯ ಮೇಲೆ ಬಂದರೆ ಗಾಬರಿಯಾಗಿ ದುಡ್ಡು ಕಟ್ಟುವ ಮುನ್ನ ಇದು ನೆನಪಿರಲಿ.

ಬುತ್ತಿಯ ಲೆಕ್ಕ ಮಾಡುವಾಗ ಹಾರಾಟದ ಅವಧಿಯನ್ನು ಹಿಡಿದರೆ ಎಡವಿದಂತೆಯೇ. ದೆಹಲಿಗೆ ಹಾರಾಟ ಎರಡೂ ಮುಕ್ಕಾಲು ಗಂಟೆ. ಆದರೆ ಜಯನಗರದ ಮನೆಯಿಂದ ದೇವನಹಳ್ಳಿಗೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಎರಡು, ಇಳಿದ ಮೇಲೆ ಲಗೇಜು ಮತ್ತು ಟ್ಯಾಕ್ಸಿಗೆ ಇನ್ನೊಂದೂವರೆ: ಬಾಗಿಲಿಂದ ಬಾಗಿಲಿಗೆ ಎಂಟು ಗಂಟೆಗೆ ಹತ್ತಿರ. ಡೈಪರು ಗಂಟೆಗೊಂದರಂತೆ ಎಂಟು. ಇಷ್ಟು ಖರ್ಚಾಗದು, ಆದರೆ ಒಂದಕ್ಕೆ ಹತ್ತು-ಹದಿನೈದು ರೂಪಾಯಿಯಾದ್ದರಿಂದ ಜಿಪುಣತನ ತೋರಿಸುವ ಜಾಗ ಇದಲ್ಲ. ಹಾಲು ಒಂದೆರಡು ವರ್ಷದ ಮಗುವಿಗೆ ದಿನಕ್ಕೆ ಹೆಚ್ಚೆಂದರೆ ಅರ್ಧ ಲೀಟರ್ ಸಾಕು, ಪ್ರಯಾಣಕ್ಕೆ ಕಾಲು ಲೀಟರ್. ರಾಗಿ ಸರಿಯ ಪುಡಿ ಒಯ್ದರೆ ಬಿಸಿನೀರು ವಿಮಾನದಲ್ಲೇ ಸಿಗುತ್ತದೆ. ಪರದೇಶ ಪ್ರಯಾಣದಲ್ಲಿ ದ್ರವಕ್ಕಿರುವ 100 ಮಿಲಿಲೀಟರ್ ಮಿತಿ ಮಗುವಿನ ಹಾಲಿಗೆ, ಆಹಾರಕ್ಕೆ ಅನ್ವಯಿಸುವುದಿಲ್ಲ, ಹೊರತೆಗೆದು ತೋರಿಸಿದರಾಯಿತು. ಅಮೆರಿಕದಲ್ಲಿ ಇಳಿಯುವ ಮುನ್ನ ಮಾತ್ರ ಬಾಳೆಹಣ್ಣು ಹೊಟ್ಟೆ ಸೇರಿರಬೇಕು, ತಪಾಸಣೆಯಲ್ಲಿ ಅದಕ್ಕೆ ಪ್ರವೇಶವಿಲ್ಲ.

ಹಾಲನ್ನು ಯಾವಾಗ ಕೊಡಬೇಕು ಎನ್ನುವುದಕ್ಕೂ ಲೆಕ್ಕವಿದೆ. ಹಾರುವಾಗ ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳು. ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ. ಇಳಿಯುವಾಗ ಒತ್ತಡ ಏರುತ್ತದೆ, ಮಗುವಿನ ಸಣ್ಣ ಕಿವಿನಾಳ ಅದಕ್ಕೆ ಬೇಗ ಹೊಂದಿಕೊಳ್ಳದೆ ಅಳು ಶುರುವಾಗುತ್ತದೆ. ಒಳಗಿನ ಗಾಳಿ 8,000 ಅಡಿಯದೆಂದು ಹಿಡಿದರೆ, ಸಮುದ್ರಮಟ್ಟದ ಮುಂಬೈಯಲ್ಲಿ ಇಳಿಯುವಾಗ ಒತ್ತಡದ ಏರಿಕೆ ಸುಮಾರು 260 ಮಿಲಿಬಾರ್. 3,000 ಅಡಿ ಎತ್ತರದ ಬೆಂಗಳೂರಿನಲ್ಲಾದರೆ 155ರಷ್ಟೇ. ಒಳಗಿನ ‘ಎತ್ತರ’ ನಿಮಿಷಕ್ಕೆ 300 ಅಡಿಯಂತೆ ಇಳಿಯುತ್ತದೆಂದರೆ ಮುಂಬೈಗೆ 27 ನಿಮಿಷ, ಬೆಂಗಳೂರಿಗೆ 17. ಇಡೀ ಬಾಟಲಿಯನ್ನು ಮೊದಲ ಐದು ನಿಮಿಷಕ್ಕೇ ಮುಗಿಸಿಬಿಟ್ಟರೆ ಉಳಿದ ಹೊತ್ತು ನುಂಗಲು ಏನೂ ಇರುವುದಿಲ್ಲ. ಗುಟುಕು ಗುಟುಕಾಗಿ ಎಳೆಯಬೇಕು.

ಕಾಗದಪತ್ರದ ಖರ್ಚನ್ನು ಬೇಗ ಮುಗಿಸೋಣ. ಮಗುವಿನ ಪಾಸ್‌ಪೋರ್ಟಿಗೆ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಶೇ. 10 ಕಳೆದು 900. ಅವಧಿ ಐದು ವರ್ಷ. ಅಮೆರಿಕದ ಪ್ರವಾಸಿ ವೀಸಾ ಅರ್ಜಿಗೆ ಕೂಸಿಗೂ ಅಜ್ಜನಿಗೂ ಒಂದೇ ದರ, 185 ಡಾಲರ್. ಯುರೋಪಿನ ಷೆಂಗೆನ್ ವೀಸಾ ದೊಡ್ಡವರಿಗೆ 90 ಯೂರೋ, ಆರು ವರ್ಷದೊಳಗಿನವರಿಗೆ ಉಚಿತ. ಇನ್ನು ಹೋಗುವಾಗ ಇಪ್ಪತ್ಮೂರು ತಿಂಗಳಾಗಿದ್ದು ಬರುವಾಗ ಇಪ್ಪತ್ತೈದಾಗುವ ಮಗುವಿಗೆ ಬರುವ ದಾರಿಗೆ ಸೀಟು ಕೊಳ್ಳಲೇಬೇಕು. ಕೆಲವು ಸಂಸ್ಥೆಗಳು ಎರಡೂ ದಾರಿಗೆ ಮಕ್ಕಳ ದರವನ್ನೇ ಹಾಕುತ್ತವೆ. ಟಿಕೆಟ್ ಮಾಡಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು.